ಜಗಳದ ಮನೆಯಲ್ಲಿ ದೀಪ ಹಚ್ಚಬಹುದಾ?

ನಾಲೆಬದಿ ಮನೆ | ಭಾನುವಾರ, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ಮನೆ ಓದ್ತಾ ಇದ್ದೆ, ಬರೀತಿರೋದು ಇದೇ ಮೊದಲು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮದು ಪಾಂಡವಪುರ ತಾಲ್ಲೂಕು, ವಿಶ್ವೇಶ್ವರಯ್ಯ ನಾಲೆ ಪಕ್ಕದ ಒಂದು ಊರು. ಒಂದೂವರೆ ಎಕರೆ ಗದ್ದೆ, ಎರಡು ಸೀಮೆಹಸು. ಯಜಮಾನ್ರು ಕುಡೀತಾರೆ, ಹದಿನಾಲ್ಕು ವರ್ಷ ಆಯ್ತು. ಕಬ್ಬಿನ ದುಡ್ಡು ಕೈಗೆ ಬಂದ ತಿಂಗಳು ಜಾಸ್ತಿ, ಇಲ್ಲದ ತಿಂಗಳು ಸಾಲ. ಭಾಗ ಆದ ಮೇಲೆ ಮೈದುನನ ಮನೆಗೂ ನಮಗೂ ಮಾತಿಲ್ಲ. ನಡುವೆ ಇರೋದು ಒಂದೇ ಗೋಡೆ. ಅವರ ಮನೆ ಒಗ್ಗರಣೆ ಸಿಡಿಯೋ ಸದ್ದು ನಮಗೆ ಕೇಳುತ್ತೆ, ಆದ್ರೆ ಆರು ವರ್ಷದಿಂದ ಒಂದು ಮಾತು ದಾಟಿಲ್ಲ.

ಮಗ ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಬೆಂಗಳೂರು ಸೇರ್ಕೊಂಡ. ಯುಗಾದಿಗೆ ಬಂದಿದ್ದ. ಒಬ್ಬಟ್ಟಿನ ಊಟಕ್ಕೆ ಕೂತಾಗ ಅಪ್ಪನಿಗೂ ಮಗನಿಗೂ ಮಾತಿಗೆ ಮಾತು ಬೆಳೀತು. ಇವ್ರು ತಟ್ಟೆ ಎಸೆದ್ರು, ಅದು ಹೋಗಿ ದೇವರ ಗೂಡಿಗೆ ಬಡೀತು. ದೀಪ ಉರುಳ್ತು. ನೆಲದ ಮೇಲೆ ಒಬ್ಬಟ್ಟಿನ ತುಪ್ಪ ಯಾವುದು, ದೀಪದ ಎಣ್ಣೆ ಯಾವುದು ಅಂತ ಗೊತ್ತಾಗದ ಹಾಗೆ ಹರೀತು. ಒರೆಸಿದ್ದು ನಾನೇ. ಮಗ ಮಧ್ಯಾಹ್ನದ ಬಸ್ಸಿಗೇ ವಾಪಸ್ ಹೋದ.

ಅವತ್ತಿಂದ ನಾನು ದೀಪ ಹಚ್ಚಿಲ್ಲ. ಕೋಪ ಅಂತಲ್ಲ. ಇಂಥ ಮನೆಗೆ ಬಾ ಅಂತ ದೇವರನ್ನ ಯಾವ ಮುಖ ಇಟ್ಕೊಂಡು ಕರೀಲಿ ಅನ್ನಿಸ್ತು. ನೆಂಟರು ಬರ್ತೀವಿ ಅಂದಾಗ ಮನೆ ಸರಿಯಿಲ್ಲ ಅಂತ ಏನೋ ನೆಪ ಹೇಳಿ ತಪ್ಪಿಸ್ತೀವಲ್ಲ, ಹಾಗೆ.

ಅತ್ತೆಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ದಿನಾ ಸಂಜೆ ನಾನು ಡೈರಿಗೆ ಹಾಲು ಹಾಕಿ ಬಂದ ಮೇಲೆ ಜಗಲಿ ಮೇಲಿಂದಲೇ ಕೇಳ್ತಾರೆ, "ದೀಪ ಹಚ್ಚಿದ್ಯೇನವ್ವಾ?" ಹಚ್ಚಿದೀನಿ ಅಂತೀನಿ. ಮೂರು ತಿಂಗಳು ದಾಟ್ತು, ದಿನಕ್ಕೊಂದು ಸುಳ್ಳು.

ನನ್ನ ಪ್ರಶ್ನೆ ಇಷ್ಟೇ. ಜಗಳದ ಮನೆಯಲ್ಲಿ ದೀಪ ಹಚ್ಚಬಹುದಾ? ಹಚ್ಚಿದ್ರೆ ದೇವರು ಬರ್ತಾನಾ?

ಅಗ್ರಹಾರದ ಹಳೇ ಮನೆ | ಭಾನುವಾರ, ರಾತ್ರಿ 11:20

ತಾಯಿ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಹಿರಿಯರು ಹೇಳಿದ್ದು ಸುಳ್ಳಲ್ಲ: ಎಲ್ಲಿ ಕಲಹವಿದೆಯೋ ಅಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ. ಮೊದಲು ಮನೆಯಲ್ಲಿ ಶಿಸ್ತು ಬರಲಿ. ಮದ್ಯ ಹೊಸ್ತಿಲ ಹೊರಗಿರಲಿ. ಮನೆ ಶುದ್ಧವಾದ ಮೇಲೆ ಒಂದು ಶುಕ್ರವಾರ ನೋಡಿ ದೀಪ ಹಚ್ಚಿ. ಅಲ್ಲಿಯವರೆಗೆ ಮನಸ್ಸಿನಲ್ಲಿ ನಾಮಸ್ಮರಣೆ ಸಾಕು.

ಕಬ್ಬುಕಡ್ಡಿ | ಭಾನುವಾರ, ರಾತ್ರಿ 11:45

ಸಾರ್, ದೊಡ್ಡೋರು ನೀವು, ಕ್ವಾಪ ಮಾಡ್ಕಬ್ಯಾಡಿ. ಆದ್ರೆ ನೀವು ಹೇಳಾದು ನೋಡುದ್ರೆ ದೇವ್ರು ನಮ್ಮೂರ್ನಾಗೆ ನಾಲೆ ನೀರು ಬಿಡೋ ನೀರುಗಂಟಿ ಇದ್ದಂಗವ್ನೆ.

ನಮ್ದು ಮಳವಳ್ಳಿ ಕಡೆ, ನಾಲೆ ಕೊನೆ ಭಾಗ. ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) 124.80 ಅಡಿ ತುಂಬಿ, ಪೇಪರ್‌ನಾಗೆ ಬಾಗಿನದ ಫೋಟೋ ಬಂದುದ್ರೂ ನಮ್ ಗದ್ದೆ ಬಿರುಕು ಬಿಟ್ಕಂಡೇ ಇರ್ತದೆ. ಮೇಲ್ಗಡೆಯೋರು ತೂಬು ಎತ್ಕಂಡು ಕುಂತಿರ್ತಾರೆ. ನಮ್ ಸರದಿ ಬರೋದ್ರೊಳಗೆ ನಾಲೆಗೆ ನೀರು ಬಿಡೋ ಕಟ್ಟು ಮುಗ್ದೋಯ್ತದೆ. ರಾತ್ರಿಯೆಲ್ಲ ಸನಿಕೆ ಹಿಡ್ಕಂಡು ಬದಿನ ಮ್ಯಾಲೆ ಕುಂತಿದ್ದು ನಂಗೊತ್ತು. ನೀರುಗಂಟಿ ಬಂದು "ನಿನ್ ಕಾಲುವೆ ಹೂಳು ತೆಗ್ದಿಲ್ಲ, ಮೊದ್ಲು ಹೂಳು ತೆಗಿ, ಆಮ್ಯಾಕೆ ನೀರು" ಅಂತಾನೆ.

ಈ ಅಕ್ಕಂಗೂ ನೀವು ಅದ್ನೇ ಹೇಳ್ತಾ ಇದ್ದೀರ. ಮೊದ್ಲು ಹೂಳು ತೆಗಿ ಅಂತ.

ಮಳೆ ಅಂಗಲ್ಲ ಸಾರ್. ಮಳೆಗೆ ಸರದಿ ಇಲ್ಲ, ಕೊನೆ ಭಾಗ ಇಲ್ಲ. ಬದ ಸರಿಯಾಗಿ ಕಟ್ಟಿರೋ ಗದ್ದೆಗೂ ಬೀಳ್ತದೆ, ಕಳೆ ಬೆಳ್ದಿರೋ ಗದ್ದೆಗೂ ಬೀಳ್ತದೆ. ದೇವ್ರು ನಾಲೆ ನೀರೋ ಮಳೆ ನೀರೋ, ಅದ್ನ ಮೊದ್ಲು ಹೇಳಿ.

ಅಕ್ಕ, ದೀಪ ಹಚ್ಚು. ನಾ ಹೇಳ್ತೀನಿ.

ಬರೀ ಲೆಕ್ಕ | ಸೋಮವಾರ, ಬೆಳಿಗ್ಗೆ 7:15

ದೀಪದ ಚರ್ಚೆ ನಡೀಲಿ, ನನ್ನ ಅಡ್ಡಿ ಇಲ್ಲ. ನಾನು ದೇವರನ್ನ ನಂಬೋನಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದರೆ ಹದಿನಾಲ್ಕು ವರ್ಷದ ಕುಡಿತ ಕಾಯಿಲೆ ಮೇಡಂ. ಸಕ್ಕರೆ ಕಾಯಿಲೆಗೆ ದೀಪ ಹಚ್ಚಿ ಸುಮ್ಮನೆ ಕೂರ್ತೀರಾ? ಮಂಡ್ಯದಲ್ಲೇ ಮಿಮ್ಸ್ ಆಸ್ಪತ್ರೆ ಇದೆ, ಅಲ್ಲಿ ಮಾನಸಿಕ ಆರೋಗ್ಯದ ವಿಭಾಗಕ್ಕೆ ಕರ್ಕೊಂಡು ಹೋಗಿ. ಅವರು ಬರಲ್ಲ ಅಂದ್ರೆ ನೀವೊಬ್ಬರೇ ಹೋಗಿ ಕೇಳಿ. ಅದೂ ಆಗದಿದ್ರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡಿಲ್ಲ, ಹೆಸರು ಹೇಳಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಒಂದೇ ಒಂದು ಎಚ್ಚರಿಕೆ: ಮನೆಯವರೆಲ್ಲ ಸೇರಿ ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸೋಕೆ ಹೋಗಬೇಡಿ. ವರ್ಷಗಟ್ಟಲೆ ದಿನಾ ಕುಡಿದವರು ದಿಢೀರ್ ನಿಲ್ಲಿಸಿದ್ರೆ ಕೈಕಾಲು ನಡುಗುತ್ತೆ, ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಏನೇನೋ ಕಾಣಿಸ್ತಿದೆ ಅಂತ ಬಡಬಡಿಸಬಹುದು. ಜೀವಕ್ಕೇ ಅಪಾಯ. ಡಾಕ್ಟರ ಕಣ್ಣೆದುರೇ ಬಿಡಿಸಬೇಕು.

ದೋರನಹಳ್ಳಿ ದಾರಿ | ಸೋಮವಾರ, ಬೆಳಿಗ್ಗೆ 8:05

ಅಕ್ಕ, ನಾನು ಮೈಸೂರಿನಲ್ಲಿ ನರ್ಸ್. ಮೇಲೆ ಅಣ್ಣ ಹೇಳಿದ ಎಚ್ಚರಿಕೆ ನೂರಕ್ಕೆ ನೂರು ನಿಜ. ಇಂಥವರನ್ನ ಮೂರನೇ ದಿನ ರಾತ್ರಿ ಆಂಬುಲೆನ್ಸ್‌ನಲ್ಲಿ ತಂದಿರೋದನ್ನ ಎಷ್ಟೋ ಸಲ ನೋಡಿದೀನಿ.

ಇನ್ನೊಂದು ವಿಷಯ ನೇರವಾಗೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕೈ ಮಾಡ್ತಾರಾ?

ನಾಲೆಬದಿ ಮನೆ | ಸೋಮವಾರ, ಮಧ್ಯಾಹ್ನ 1:30

ಇಲ್ಲ ಕಣಮ್ಮ, ಇದುವರೆಗೂ ನನ್ನ ಮೇಲೆ ಕೈ ಮಾಡಿಲ್ಲ. ಬಾಯಿ ಜೋರು. ತಟ್ಟೆ, ಚೊಂಬು ಎಸೀತಾರೆ. ಬೆಳಿಗ್ಗೆ ಎದ್ದು ನೆಗ್ಗಿದ ಚೊಂಬನ್ನ ಅವರೇ ಕಲ್ಲಿನ ಮೇಲಿಟ್ಟು ಬಡಿದು ನೇರ ಮಾಡ್ತಾರೆ. ಏನೂ ಮಾತಾಡಲ್ಲ. ನಮ್ಮನೇಲಿ ನೆಟ್ಟಗಿರೋ ಚೊಂಬು ಒಂದೂ ಇಲ್ಲ ಅಂದ್ಕೊಳ್ಳಿ.

ನಂಬರ್ ಬರೆದಿಟ್ಕೊಂಡಿದೀನಿ. ಎಲ್ಲರ ಮಾತೂ ಓದ್ತಾ ಇದೀನಿ.

ದೋರನಹಳ್ಳಿ ದಾರಿ | ಸೋಮವಾರ, ಮಧ್ಯಾಹ್ನ 2:10

ಸರಿ ಅಕ್ಕ. ಒಂದು ವೇಳೆ ಅಂಥದ್ದು ಬಂದರೆ 181, ಹೆಂಗಸರ ಸಹಾಯವಾಣಿ. ದೇವರ ಕೃಪೆ ಅಂದರೆ ಏಟು ತಿಂದು ಸುಮ್ಮನಿರೋದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಕಡೆ ಪ್ರಾರ್ಥನೆಗೆ ಬರುವ ಹೆಂಗಸರಿಗೂ ನಾನು ಇದನ್ನೇ ಹೇಳೋದು. ಕೆಲವು ಹಿರಿಯರಿಗೆ ನಾನು ಅದಕ್ಕೇ ಆಗಲ್ಲ.

ಲಷ್ಕರ್ ಗಲ್ಲಿ | ಸೋಮವಾರ, ಸಂಜೆ 6:40

ಸಂಸಾರ ನೆಟ್ಟಗಿರೋರ ಮನೆಗೇ ದೇವರು ಬರೋದಾದ್ರೆ ನಂಜನಗೂಡು ನಂಜುಂಡಪ್ಪ ತನ್ನ ಮನೆಗೇ ಹೋಗೋ ಹಾಗಿಲ್ಲ. ಮನೇಲಿ ಹೆಂಡತಿ ಇಟ್ಕೊಂಡು ಬೆಟ್ಟದ ಚಾಮುಂಡಿ ಮೇಲೆ ಮನಸ್ಸು ಮಾಡಿದೋನು ಅವನು. ನಮ್ಮಜ್ಜಿ ರಾಗಿ ಬೀಸ್ತಾ ಆ ಸವತಿ ಜಗಳಾನ ಹಾಡೋಳು, ಬೈಗುಳ ಸಮೇತ. ನಾವು ಹುಡುಗರು ಬೈಗುಳಕ್ಕೋಸ್ಕರನೇ ಕೂತು ಕೇಳ್ತಿದ್ವಿ.

ಅಗ್ರಹಾರದ ಹಳೇ ಮನೆ | ಸೋಮವಾರ, ಸಂಜೆ 7:00

ಅದು ಜನಪದದ ಕಟ್ಟುಕಥೆ. ಪುರಾಣದಲ್ಲಿ ಇಲ್ಲ.

ಲಷ್ಕರ್ ಗಲ್ಲಿ | ಸೋಮವಾರ, ಸಂಜೆ 7:02

ಪುರಾಣದಲ್ಲಿ ಇಲ್ದೇ ಇರಬಹುದು ಸಾರ್, ನಂಜನಗೂಡಲ್ಲಿ ಇದೆ.

ಕಲ್ಯಾಣಿ ಮೆಟ್ಟಿಲು | ಸೋಮವಾರ, ರಾತ್ರಿ 9:30

ನಾನು ಮೇಲುಕೋಟೆಯವನು. ಈ ಪ್ರಶ್ನೆ ನಮ್ಮೂರಿಗೆ ಹೊಸದಲ್ಲ. ಕೆಲವು ನೂರು ವರ್ಷದಿಂದ ಶ್ರೀವೈಷ್ಣವರು ಇದರ ಮೇಲೇ ಎರಡು ಪಂಗಡವಾಗಿದ್ದಾರೆ, ಹಣೆ ಮೇಲಿನ ನಾಮವೂ ಬೇರೆ ಬೇರೆ.

ಒಂದು ಪಂಗಡ ವಡಗಲೆ. ಅವರು ಹೇಳುವುದು ಕೋತಿಮರಿಯ ಲೆಕ್ಕ. ತಾಯಿ ಕೋತಿ ಕೊಂಬೆಯಿಂದ ಕೊಂಬೆಗೆ ಹಾರುವಾಗ ಮರಿ ತಾನೇ ಅದರ ಹೊಟ್ಟೆಯನ್ನು ಅವುಚಿಕೊಂಡಿರಬೇಕು. ಕೈ ಬಿಟ್ಟರೆ ಬೀಳುತ್ತದೆ. ಕೃಪೆಗೂ ನಮ್ಮ ಕಡೆಯಿಂದ ಒಂದು ನೆಪ, ಒಂದು ಹಿಡಿತ ಬೇಕು ಎನ್ನುವುದು ಅವರ ವಾದ. ಇನ್ನೊಂದು ಪಂಗಡ ತೆಂಗಲೆ. ಅವರದು ಬೆಕ್ಕಿನಮರಿಯ ಲೆಕ್ಕ. ಮರಿ ಏನೂ ಮಾಡುವುದಿಲ್ಲ, ಕಣ್ಣೂ ಬಿಟ್ಟಿರುವುದಿಲ್ಲ. ತಾಯಿ ಬೆಕ್ಕೇ ಕತ್ತಿನ ಹಿಂದೆ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಇದಕ್ಕೆ ಅವರು ನಿರ್ಹೇತುಕ ಕೃಪೆ ಎನ್ನುತ್ತಾರೆ, ಕಾರಣವೇ ಬೇಡದ ಕೃಪೆ.

ಇವೆರಡನ್ನು ಎಲ್ಲರೂ ಹೇಳುತ್ತಾರೆ. ನನಗೆ ಹಿಡಿಸಿದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಮಾತು. ದೇವರು ನಮ್ಮ ದೋಷವನ್ನು ಕಂಡೂ ಕಾಣದ ಹಾಗೆ ಇರುತ್ತಾನೆ ಎಂದು ವಡಗಲೆಯವರು ಸಮಾಧಾನ ಹೇಳಿದರೆ, ತೆಂಗಲೆಯವರು ಅಷ್ಟಕ್ಕೆ ನಿಲ್ಲುವುದಿಲ್ಲ. ಆಗ ತಾನೇ ಹುಟ್ಟಿದ ಕರುವಿನ ಮೈಮೇಲಿನ ಕೊಳೆಯನ್ನು ಹಸು ಹೇಗೆ ಆಸೆಯಿಂದ ನೆಕ್ಕುತ್ತದೋ ಹಾಗೆ ಅವನು ನಮ್ಮ ದೋಷವನ್ನೇ ಭೋಗ್ಯವಾಗಿ, ಅಂದರೆ ಸವಿಯುವಂಥದ್ದಾಗಿ, ತೆಗೆದುಕೊಳ್ಳುತ್ತಾನೆ ಎನ್ನುತ್ತಾರೆ. ದೋಷಭೋಗ್ಯತೆ ಎನ್ನುವ ಮಾತೇ ಇದೆ. ವಾತ್ಸಲ್ಯ ಅಂದರೆ ಅದು. ವತ್ಸ ಅಂದರೆ ಕರು. ಮೈ ತೊಳೆದ ಕರುವನ್ನು ನೆಕ್ಕುವುದಕ್ಕೆ ಹಸುವಿಗೆ ಏನಿದೆ?

ರಾಮಾನುಜರ ಸಂಸಾರವೂ ನೆಟ್ಟಗಿರಲಿಲ್ಲ, ಅಕ್ಕ. ಅವರ ಹೆಂಡತಿಗೂ ಗುರುಗಳ ಹೆಂಡತಿಗೂ ಬಾವಿಕಟ್ಟೆಯಲ್ಲಿ ಕೊಡದ ನೀರು ಸಿಡಿದು ಜಗಳವಾಯಿತು. ಗುರುಗಳು ಊರೇ ಬಿಟ್ಟರು. ರಾಮಾನುಜರು ಹೆಂಡತಿಯನ್ನು ತವರಿಗೆ ಕಳಿಸಿ ಸನ್ಯಾಸ ತೆಗೆದುಕೊಂಡರು ಎನ್ನುತ್ತದೆ ಸಂಪ್ರದಾಯ. ಆಮೇಲೆ ಚೋಳರ ಕಾಟಕ್ಕೆ ನಮ್ಮ ಕಡೆ ಬಂದು, ನಿಮ್ಮ ತೊಣ್ಣೂರಿನಲ್ಲಿದ್ದು, ಮೇಲುಕೋಟೆಯಲ್ಲಿ ಹನ್ನೆರಡು ವರ್ಷ ನಿಂತದ್ದು ನಿಮಗೆ ಗೊತ್ತೇ ಇದೆ. ದೆಹಲಿಯ ಸುಲ್ತಾನನ ಅರಮನೆಯಲ್ಲಿದ್ದ ಉತ್ಸವಮೂರ್ತಿಯನ್ನು "ಚೆಲುವಪಿಳ್ಳೆ, ಬಾ" ಎಂದು ಕರೆದಾಗ ಅದು ಮಗುವಿನಂತೆ ನಡೆದು ಬಂದು ತೊಡೆಯ ಮೇಲೆ ಕೂತಿತಂತೆ. ಮನೆಯಿಲ್ಲದ, ಮಕ್ಕಳಿಲ್ಲದ ಸನ್ಯಾಸಿಯ ತೊಡೆ ಅದು.

ನಾಲೆಬದಿ ಮನೆ | ಸೋಮವಾರ, ರಾತ್ರಿ 10:15

ಸ್ವಾಮಿ, ವೈರಮುಡಿ ಕಿರೀಟ ಮಂಡ್ಯದ ಖಜಾನೆಯಿಂದ ಮೇಲುಕೋಟೆಗೆ ಹೋಗುವಾಗ ದಾರಿಯ ಊರುಗಳಲ್ಲಿ ನಿಲ್ಲಿಸಿ ಪೂಜೆ ಮಾಡಿಸ್ತಾರಲ್ಲ, ಅಲ್ಲಿ ನಿಂತು ಮಂಗಳಾರತಿ ತಗೊಂಡು ಬೆಳೆದವಳು ನಾನು. ಚೆಲುವನಾರಾಯಣ ಅಂದ್ರೆ ನಂಗೆ ಪ್ರಾಣ. ನೀವು ಹೇಳಿದ್ದಕ್ಕೆ ಕೈ ಮುಗೀತೀನಿ.

ಆದ್ರೆ ಒಂದು ಮಾತು. ಹೆಂಡತೀನ ತೌರಿಗೆ ಕಳಿಸಿ ಸನ್ಯಾಸಿ ಆಗೋದು ಗಂಡಸರಿಗೆ ಆಗುತ್ತೆ. ನಾನು ಹೊರಟ್ರೆ ನಾಳೆ ಬೆಳಿಗ್ಗೆ ಐದಕ್ಕೆ ಹಸು ಯಾರು ಕರೀತಾರೆ?

ಕರು ನೆಕ್ಕೋ ಮಾತು ಮಾತ್ರ ತಲೇಲಿ ಕೂತ್ಕೊಂತು. ಕೊಟ್ಟಿಗೇಲಿ ಈಗ ಕಡಸೊಂದು ಚೊಚ್ಚಲ ಗಬ್ಬ, ದಿನ ತುಂಬಿದೆ.

ಕಲ್ಯಾಣಿ ಮೆಟ್ಟಿಲು | ಸೋಮವಾರ, ರಾತ್ರಿ 10:40

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಅಕ್ಕ.

ಕಂಸಾಳೆ ಸದ್ದು | ಮಂಗಳವಾರ, ಬೆಳಿಗ್ಗೆ 6:20

ಉತ್ತರ ನಮ್ಮ ಮಾದಪ್ಪನ ಹತ್ರ, ಮಲೆ ಮಹದೇಶ್ವರನ ಹತ್ರ ಅದೆ ಕಣವ್ವ.

ಸಂಕಮ್ಮನ ಕಥೆ ನಿಂಗೂ ಗೊತ್ತಿರಬೇಕು. ಗಂಡ ನೀಲೇಗೌಡ ಸೋಲಿಗ, ಜೇನಿಗೆ ಅಂತ ಮಲೆಗೆ ಹೊರಟ. ಹೋಗೋ ಮುಂಚೆ ಹೆಂಡತಿ ಮೇಲೆ ಅನುಮಾನ. ಭಾಷೆ ಕೊಡು ಅಂದ. ಮಾಡದೇ ಇರೋ ತಪ್ಪಿಗೆ ಯಾಕೆ ಭಾಷೆ ಕೊಡಲಿ ಅಂದಳು ಅವಳು. ಅಷ್ಟಕ್ಕೇ ಚಿತ್ರಹಿಂಸೆ ಮಾಡಿ, ಕಟ್ಟಿ ಹಾಕಿ ಹೋದ. ಮಕ್ಕಳಿಲ್ಲದೋಳು ಅನ್ನೋ ಮೂದಲಿಕೆ ಬೇರೆ. ಆ ಸಂಕಮ್ಮ ಮಾದಪ್ಪನ್ನ ನೆನೆದಳು. ಅವಳು ದೀಪ ಹಚ್ಚಿರಲಿಲ್ಲ, ಕೈಯೇ ಕಟ್ಟಿತ್ತಲ್ಲ! ಮಾದಪ್ಪ ಬಂದ. ಕಟ್ಟು ಬಿಡಿಸಿದ, ಎರಡು ಗಂಡು ಮಕ್ಕಳ ಫಲ ಕೊಟ್ಟ.

ನೀಲೇಗೌಡ ಒಳ್ಳೇವನಾಗ್ಲಿ, ಆಮೇಲೆ ಬರ್ತೀನಿ ಅನ್ನಲಿಲ್ಲ ನನ್ನಪ್ಪ. ಕಟ್ಟಿ ಹಾಕಿದ ಜಾಗಕ್ಕೇ ಬಂದ. ಎಪ್ಪತ್ತೇಳು ಮಲೆಗೆ ನಡ್ಕೊಂಡು ಹೋಗೋ ಹೆಂಗಸರು ಈ ಕಥೆ ಬಂದಾಗ ಯಾಕೆ ಅಳ್ತಾರೆ ಅಂದ್ಕೊಂಡಿದೀಯ? ಸಂಕಮ್ಮಂಗೋಸ್ಕರ ಮಾತ್ರ ಅಲ್ಲ.

ದೋರನಹಳ್ಳಿ ದಾರಿ | ಮಂಗಳವಾರ, ಮಧ್ಯಾಹ್ನ 12:50

ಇವತ್ತು ಮಂಗಳವಾರ, ರಜೆ ಹಾಕಿ ಊರಿನ ಅಂತೋಣಿಯಪ್ಪನ ಗುಡಿಗೆ, ಅಂದರೆ ಸಂತ ಅಂತೋಣಿಯವರ ಚರ್ಚಿಗೆ ಬಂದಿದೀನಿ. ಮೇಣದ ಬತ್ತಿ ಹಚ್ಚೋ ಸಾಲಲ್ಲಿ ನನ್ನ ಮುಂದೆ ನಿಂತಿದ್ದ ಅಜ್ಜಿಯ ಹಣೆ ತುಂಬ ಕುಂಕುಮ. ಇಲ್ಲಿ ಇದೇನೂ ವಿಶೇಷ ಅಲ್ಲ, ಕೆ.ಆರ್. ನಗರ ಸುತ್ತಮುತ್ತಲಿನ ಎಲ್ಲ ಜಾತಿಯವರೂ ಬರ್ತಾರೆ. ಬತ್ತಿ ಹಚ್ಚಿ ಅಕ್ಕನ ಹೆಸರು ಗೊತ್ತಿಲ್ಲದೆ "ನಾಲೆಬದಿ ಮನೆ" ಅಂತಲೇ ಹೇಳಿದೆ.

ಕಬ್ಬುಕಡ್ಡಿ ಅಣ್ಣ ಹೇಳಿದ ಮಳೆಯ ಮಾತು ನಮ್ಮ ಸುವಾರ್ತೆಯಲ್ಲೂ ಇದೆ, ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ ಸುರಿಸುವ ತಂದೆ ಅಂತ. ಆದರೆ ನಾನು ಹೇಳಬೇಕು ಅಂದುಕೊಂಡಿದ್ದು ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮತಿ, ನೀತಿಕಥೆ. ಅದು ಶುದ್ಧ ಮಂಡ್ಯದ ಕಥೆ ಅನ್ನಿಸುತ್ತೆ ನನಗೆ. ಇಬ್ಬರು ಗಂಡು ಮಕ್ಕಳು. ಕಿರಿಯವನು ಅಪ್ಪ ಬದುಕಿರುವಾಗಲೇ ಭಾಗ ಕೇಳ್ತಾನೆ. ನೀವು ಯಾರಿಗೆ ಬೇಕಾದರೂ ಬಿಡಿಸಿ ಹೇಳಬೇಕಾಗಬಹುದು, ನಾಲೆಬದಿ ಅಕ್ಕನಿಗೆ ಬೇಡ. ಅಪ್ಪ ಇರುವಾಗಲೇ ಭಾಗ ಕೊಡು ಅನ್ನೋದೂ ಒಂದೇ, ನೀನು ಸತ್ತ ಲೆಕ್ಕ ಅನ್ನೋದೂ ಒಂದೇ. ದುಡ್ಡೆಲ್ಲ ಪೋಲು ಮಾಡಿ, ಹಂದಿ ಕಾದು, ಕೊನೆಗೆ ವಾಪಸ್ ಬರ್ತಾನೆ. ಕ್ಷಮೆ ಕೇಳೋಕೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿರ್ತಾನೆ. ಅವನು ಇನ್ನೂ ದೂರದಲ್ಲಿ ಇರುವಾಗಲೇ ಅಪ್ಪ ಕಂಡು ಓಡಿ ಹೋಗಿ ತಬ್ಬಿಕೊಳ್ತಾನೆ. ಜೋಡಿಸಿಕೊಂಡ ಮಾತು ಪೂರ್ತಿ ಹೇಳೋಕೂ ಬಿಡಲ್ಲ.

ಇಲ್ಲಿಗೆ ಎಲ್ಲರೂ ನಿಲ್ಲಿಸ್ತಾರೆ. ಕಥೆ ನಿಲ್ಲಲ್ಲ. ಗದ್ದೆಯಿಂದ ಬಂದ ಹಿರಿಯ ಮಗ ವಾದ್ಯದ ಸದ್ದು ಕೇಳಿ, ವಿಷಯ ತಿಳಿದು, ನಾನು ಒಳಗೆ ಬರಲ್ಲ ಅಂತ ಹೊರಗೇ ನಿಂತುಬಿಡ್ತಾನೆ. ಅಪ್ಪ ಅವನ ಹತ್ತಿರವೂ ಹೊರಗೆ ಬಂದು ಬೇಡಿಕೊಳ್ತಾನೆ. ಆಮೇಲೆ ಅವನು ಒಳಗೆ ಬಂದನಾ? ಅಣ್ಣ ತಮ್ಮ ಮಾತಾಡಿದರಾ? ಯೇಸು ಹೇಳಲೇ ಇಲ್ಲ. ಹಬ್ಬದ ಊಟ ಒಳಗೆ, ಮುನಿಸಿಕೊಂಡ ಮಗ ಹೊರಗೆ, ಅಪ್ಪ ಹೊಸ್ತಿಲ ಆಚೆ. ಅಲ್ಲಿಗೇ ಮುಗಿದುಹೋಗುತ್ತೆ. ಚಿಕ್ಕವಳಿದ್ದಾಗ ಇದು ಅರ್ಧಂಬರ್ಧ ಕಥೆ ಅನ್ನಿಸೋದು. ಈಗ ನಮ್ಮ ಮನೆಯ ಅಣ್ಣಂದಿರನ್ನ ನೋಡಿದ ಮೇಲೆ ಅನ್ನಿಸಲ್ಲ.

ಏಳನೇ ವರ್ಷ | ಮಂಗಳವಾರ, ರಾತ್ರಿ 11:30

ಇದುವರೆಗೆ ಯಾರೂ ಕುಡಿಯುವವನ ಕಡೆಯಿಂದ ಮಾತಾಡಲಿಲ್ಲ. ನಾನು ಮಾತಾಡ್ತೀನಿ. ಮೈಸೂರು, ಆಟೋ ಓಡಿಸ್ತೀನಿ, ಬಿಟ್ಟು ಏಳನೇ ವರ್ಷ ನಡೀತಿದೆ.

ನನ್ನ ಹೆಂಡತಿ ಪ್ರತಿ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತೋಳು, ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಟ್ಕೊಂಡು, ಬಗ್ಗಿ ಬಗ್ಗಿ. ಹರಕೆ ನನ್ನ ಹೆಸರಲ್ಲಿ. ಸಂಜೆ ಬಂದರೆ ಅವಳ ಸೊಂಟ ನೆಟ್ಟಗಾಗ್ತಿರಲಿಲ್ಲ. ನಾನು ಬಿದ್ದಿರ್ತಿದ್ದೆ. ಅವಳ ಬೆರಳ ತುದಿ ಕೆಂಪು ನೋಡಿದರೆ ನನಗೆ ಸಿಟ್ಟು ಬರೋದು. ಯಾಕೆ ಅಂತ ಈಗ ಗೊತ್ತು, ಆಗ ಗೊತ್ತಿರಲಿಲ್ಲ.

ಆ ಹರಕೆಯಿಂದ ಬಿಟ್ಟೆನಾ? ಹೇಳೋಕಾಗಲ್ಲ. ಐದು ವರ್ಷ ಹತ್ತಿದಳು, ಐದು ವರ್ಷವೂ ಕುಡಿದೆ. ಒಂದು ಸಲ ನಾನೇ ಹಟಕ್ಕೆ ಬಿದ್ದು ನಿಲ್ಲಿಸಿದೆ, ಮೂರನೇ ದಿನ ಫಿಟ್ಸ್ ಬಂದು ಆಸ್ಪತ್ರೆ. ಅಲ್ಲಿ ಒಬ್ಬರು ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗಿಗೆ ಕರ್ಕೊಂಡು ಹೋದರು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಸೇರಿ ಶುರು ಮಾಡಿದ್ದು ಅದು. ಅಲ್ಲಿ ಮೊದಲು ಒಪ್ಪಿಕೊಳ್ಳಬೇಕಾದ್ದು ನನ್ನ ಕೈಲಿ ಆಗಲ್ಲ ಅನ್ನೋದನ್ನ. ಮೇಲೆ ಸ್ವಾಮಿಗಳು ಬೆಕ್ಕಿನಮರಿ ಅಂದರಲ್ಲ, ಓದಿ ನಗು ಬಂತು. ನಮ್ಮ ಮೀಟಿಂಗು ಪೂರ್ತಿ ತೆಂಗಲೆ. ಆದರೆ ಮೀಟಿಂಗಿಗೆ ಮಾತ್ರ ನಾವೇ ನಡ್ಕೊಂಡು ಹೋಗಬೇಕು, ಅಲ್ಲಿ ಕೋತಿಮರಿ.

ಬಿಟ್ಟ ಮೇಲೆ ಮನೆ ನಂದಗೋಕುಲ ಆಯ್ತು ಅಂತ ಅಂದುಕೋಬೇಡಿ. ಮಗಳಿಗೆ ಈಗ ಹದಿನೇಳು. ನಾನು ರಾತ್ರಿ ಬಾಗಿಲು ತೆಗೆದರೆ ಏನೋ ಕೇಳೋ ನೆಪದಲ್ಲಿ ಮುಖದ ಹತ್ತಿರ ಬರ್ತಾಳೆ. ಉಸಿರು ನೋಡೋಕೆ. ಏಳು ವರ್ಷ ಆದರೂ. ನಾನು ಬಾಯಿ ತೆಗೆದು "ಹಾ" ಅಂತೀನಿ. ಅವಳು ನಗಲ್ಲ, ಒಳಗೆ ಹೋಗಿ ತಟ್ಟೆ ಇಡ್ತಾಳೆ.

ಅಕ್ಕ, ನಿಮ್ಮ ಮನೆಯವರು ಚೊಂಬನ್ನ ಕಲ್ಲಿನ ಮೇಲಿಟ್ಟು ಬಡಿದು ನೇರ ಮಾಡ್ತಾರೆ ಅಂದ್ರಲ್ಲ. ಅದನ್ನ ಓದಿ ನನಗೆ ಆವತ್ತು ಗಾಡಿ ಓಡಿಸೋಕೆ ಆಗಲಿಲ್ಲ. ಆ ಬಡಿಯೋ ಸದ್ದಿನ ಅರ್ಥ ನನಗೆ ಗೊತ್ತು. ಅವರು ಒಪ್ಪಿದ ದಿನ ಇಲ್ಲಿ ಹಾಕಿ, ನಾನು ಬರ್ತೀನಿ. ಪಾಂಡವಪುರ ನನಗೇನೂ ದೂರ ಅಲ್ಲ.

ಬರೀ ಲೆಕ್ಕ | ಬುಧವಾರ, ಬೆಳಿಗ್ಗೆ 7:40

ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಮೇಲಿನದನ್ನ ಎರಡು ಸಲ ಓದಿದೆ.

ಅಗ್ರಹಾರದ ಹಳೇ ಮನೆ | ಬುಧವಾರ, ಸಂಜೆ 5:30

ಮೊದಲ ದಿನ ನಾನು ಬರೆದದ್ದರ ಬಗ್ಗೆ ಒಂದು ತಿದ್ದುಪಡಿ. ಎರಡು ದಿನ ನನ್ನ ಹತ್ತಿರ ಇರುವ ಗ್ರಂಥಗಳನ್ನೆಲ್ಲ ತೆಗೆದು ನೋಡಿದೆ. ಹುಟ್ಟಿಗೆ ಸೂತಕವಿದೆ, ಸಾವಿಗೆ ಸೂತಕವಿದೆ, ದಿನಗಳ ಲೆಕ್ಕವೂ ಇದೆ. ಜಗಳಕ್ಕೆ ಸೂತಕ ಎಲ್ಲಿಯೂ ಸಿಗಲಿಲ್ಲ. ಶುಕ್ರವಾರಕ್ಕೆ ಕಾಯಬೇಕೆಂದು ಹೇಳಿದ್ದೂ ನನ್ನದೇ ಸೇರ್ಪಡೆ. ದೀಪ ಹಚ್ಚಬಹುದು.

ನಂಜುಂಡೇಶ್ವರನ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೆಯೇ ಇದೆ.

ಲಷ್ಕರ್ ಗಲ್ಲಿ | ಬುಧವಾರ, ಸಂಜೆ 5:34

ಸಾರ್, ಸಾಷ್ಟಾಂಗ.

ಕಬ್ಬುಕಡ್ಡಿ | ಗುರುವಾರ, ರಾತ್ರಿ 8:10

ಅಕ್ಕ ಎಲ್ಲವ್ರೆ? ಮೂರು ದಿನ ಆಯ್ತು, ಸದ್ದೇ ಇಲ್ಲ.

ನಾಲೆಬದಿ ಮನೆ | ಶನಿವಾರ, ರಾತ್ರಿ 9:45

ಇದೀನಿ ಕಣಪ್ಪ. ಮಂಗಳವಾರ ರಾತ್ರಿ ಕಡಸು ಕರು ಹಾಕ್ತು, ಫೋನ್ ಹಿಡಿಯೋಕೆ ಪುರುಸೊತ್ತಿಲ್ಲ. ಹೆಣ್ಣುಗರು. ಹಣೆ ಮೇಲೆ ಬಿಳಿ ಮಚ್ಚೆ.

ಮೇಲುಕೋಟೆ ಸ್ವಾಮಿಗಳಿಗೆ ಒಂದು ವಿಷಯ ಹೇಳಬೇಕು. ಹಸು ಆಸೆಯಿಂದ ನೆಕ್ಕುತ್ತೆ ಅಂದ್ರಲ್ಲ, ಎಲ್ಲಾ ಹಸು ನೆಕ್ಕಲ್ಲ ಸ್ವಾಮಿ. ಅದೂ ಚೊಚ್ಚಲು ಹಾಕಿದ್ದು ಎಷ್ಟೋ ಸಲ ಹೆದರಿ ಕರೂನೇ ಒದೆಯುತ್ತೆ. ನಮ್ಮದೂ ಹಾಗೇ ಮಾಡ್ತು. ನೋವು ತಿಂದಿದ್ದೇ ಈ ಕರುವಿನಿಂದ ಅನ್ನೋ ಹಾಗೆ ಕಣ್ಣು ಬಿಟ್ಕೊಂಡು ಹಿಂದಕ್ಕೆ ಸರೀತು, ಹತ್ರ ತಂದ್ರೆ ಕೊಂಬು ತಿರುಗಿಸ್ತು. ಕರು ಒದ್ದೆ ಮೈಯಲ್ಲಿ ಹುಲ್ಲಿನ ಮೇಲೆ ನಡುಗ್ತಾ ಬಿದ್ದಿದೆ. ರಾತ್ರಿ ಹನ್ನೆರಡೂವರೆ. ನಾನು ಗೋಣಿಚೀಲದಲ್ಲಿ ಅದರ ಮೈ ಉಜ್ಜೋಕೆ ಕೂತೆ.

ಆಗ ಇವ್ರು ಬಂದ್ರು. ಕುಡಿದೇ ಇದ್ರು, ಇಲ್ಲ ಅನ್ನಲ್ಲ. ಬಾಗಿಲಲ್ಲಿ ನಿಂತು ನೋಡಿದ್ರು. "ಉಜ್ಜಬೇಡ ನಿಲ್ಲಿಸು" ಅಂದ್ರು. ಒಳಗೆ ಹೋಗಿ ಒಂದು ಹಿಡಿ ಉಪ್ಪು, ಒಂದು ಬೊಗಸೆ ಬೂಸ ತಂದ್ರು. ಉಪ್ಪು ಬೂಸ ಕಲಸಿ ಕರುವಿನ ಬೆನ್ನು, ಕತ್ತು, ಕಿವಿ ಮೇಲೆಲ್ಲ ಉದುರಿಸಿದ್ರು. ಆಮೇಲೆ ಹಸುವಿನ ಕತ್ತಿಗೆ ತೋಳು ಹಾಕಿ, ಗಂಗೆದೊಗಲು ಸವರ್ತಾ, ಏನೋ ಗುಣುಗ್ತಾ ಮುಖಾನ ಕರು ಕಡೆ ತಿರುಗಿಸಿ ಹಿಡ್ಕೊಂಡ್ರು. ಕಾಲ ಮೇಲೆ ನಿಲ್ಲೋಕೆ ಆಗದ ಮನುಷ್ಯ, ಹಸುವಿಗೆ ಒರಗಿ ನಿಂತಿದ್ರು. ಹಸು ಮೂಸ್ತು. ಬೂಸದ ಆಸೆಗೆ ಒಂದು ಸಲ ನಾಲಿಗೆ ಹಾಕ್ತು. ಇನ್ನೊಂದು ಸಲ. ಆಮೇಲೆ ಬೂಸ ಮುಗಿದ ಮೇಲೂ ನೆಕ್ತಾನೇ ಇತ್ತು, ಕರು ಎದ್ದು ನಿಲ್ಲೋವರೆಗೂ. ಒಂದು ಗಂಟೆ ಹಿಡ್ಕೊಂಡಿದ್ರು ಇವ್ರು.

ನನ್ನ ಜೊತೆ ಒಂದು ಮಾತಾಡಲಿಲ್ಲ. ಬೆಳಿಗ್ಗೆ ಗಿಣ್ಣು ಕಾಯಿಸಿದೆ. ಅತ್ತೆ "ಆ ಮನೆಗೂ ಒಂದು ಲೋಟ ಕೊಡು" ಅಂದ್ರು. ಗೋಡೆ ಮೇಲೆ ಇಟ್ಟು ಬಂದೆ. ಸಂಜೆ ನೋಡಿದ್ರೆ ಲೋಟ ತೊಳೆದು ಅಲ್ಲೇ ಬೋರಲು ಹಾಕಿದ್ರು. ಅಷ್ಟೇ, ಮಾತಿಲ್ಲ.

ಗುರುವಾರ ಆ ನಂಬರಿಗೆ ಫೋನ್ ಮಾಡಿದೆ. ಒಂದು ಹುಡುಗಿ ತಾಳ್ಮೆಯಿಂದ ಮಾತಾಡಿದ್ಲು. ಶುಕ್ರವಾರ ಇವರನ್ನ ಮಂಡ್ಯಕ್ಕೆ ಕರ್ಕೊಂಡು ಹೊರಟೆ, ಒಪ್ಪಿಯೂ ಬಂದ್ರು. ಬಸ್ ಸ್ಟ್ಯಾಂಡಲ್ಲಿ ಇಳಿದು, ಬೀಡಿ ತರ್ತೀನಿ ಅಂತ ಹೋದೋರು ವಾಪಸ್ ಬರಲಿಲ್ಲ. ನಾನೊಬ್ಬಳೇ ಹೋಗಿ ಚೀಟಿ ಮಾಡಿಸಿ ಡಾಕ್ಟ್ರ ಹತ್ರ ಮಾತಾಡಿ ಬಂದೆ. ಮುಂದಿನ ಶುಕ್ರವಾರ ಮತ್ತೆ ಬನ್ನಿ ಅಂದಿದಾರೆ. ಏಳನೇ ವರ್ಷದ ಅಣ್ಣ, ಆಗುತ್ತೆ ಅಂದ್ರೆ ಅವತ್ತು ಬನ್ನಿ. ಬಸ್ ಸ್ಟ್ಯಾಂಡಲ್ಲೇ ನಿಂತಿರಿ.

ಮಗನಿಗೆ ಕರುವಿನ ಫೋಟೋ ಕಳಿಸಿದೆ. ಎರಡು ದಿನ ಏನೂ ಇಲ್ಲ. ಇವತ್ತು ಮಧ್ಯಾಹ್ನ "ಹೆಸರೇನು" ಅಂತ ಬಂತು. ನೀನೇ ಇಡು ಅಂದಿದೀನಿ. ಇನ್ನೂ ಇಟ್ಟಿಲ್ಲ.

ಆಮೇಲೆ ದೀಪ. ಬುಧವಾರ ಸಂಜೆ ಹಚ್ಚಿದೆ. ಅಗ್ರಹಾರದ ಸಾರ್ ಗ್ರಂಥ ನೋಡಿ ಹೇಳಿದ್ದನ್ನ ನಾನು ಇವತ್ತು ಓದಿದ್ದು, ಹಚ್ಚಿದ್ದು ಅದಕ್ಕಿಂತ ಮುಂಚೆ ಅಲ್ಲ, ಅದೇ ಹೊತ್ತಿಗೆ ಅನ್ನಿಸುತ್ತೆ. ಗೂಡಿನ ಅಂಚಲ್ಲಿ ತಟ್ಟೆ ಬಡಿದ ಗುರುತು ಹಾಗೇ ಇದೆ, ಸುಣ್ಣ ಉದುರಿದೆ. ದೀಪಾನೂ ಸ್ವಲ್ಪ ವಾಲುತ್ತೆ, ಕೆಳಗೆ ಒಂದು ಬೆಂಕಿಪೊಟ್ಟಣದ ಚೂರು ಕೊಟ್ಟು ನಿಲ್ಲಿಸಿದೀನಿ.

ಹಚ್ಚಿ ಹೊರಗೆ ಬಂದೆ. ಅತ್ತೆ ಜಗಲಿ ಮೇಲೆ ಕೂತಿದ್ರು. ಅವತ್ತು ಕೇಳಲೇ ಇಲ್ಲ. ನಾನೇ ತಡೀಲಾರದೆ "ಯಾಕತ್ತೆ, ಇವತ್ತು ದೀಪ ಹಚ್ಚಿದ್ಯಾ ಅಂತ ಕೇಳಲಿಲ್ಲ" ಅಂದೆ.

"ಎಣ್ಣೆ ವಾಸನೆ ಬಂತಲ್ಲವ್ವ" ಅಂದ್ರು. "ಕಣ್ಣು ಹೋಗದೆ, ಮೂಗು ಹೋಗಿಲ್ಲ."